ರಂಗೋಲಿಯಲ್ಲಿ ಗಣಿತ, ನೆರಳಿನಲ್ಲಿ ವಿಜ್ಞಾನ: ಪ್ರಾಥಮಿಕ ಪಾಠಕ್ಕೆ ಕಲೆ ಬೆರೆಸುವ ಬಗೆ

ದಾವಣಗೆರೆ, ಚಿತ್ರದುರ್ಗ ಕಡೆಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆ ಇದು: "ಪಾಠದಲ್ಲಿ ಕಲೆ ಬಳಸಿ ಅಂತ ತರಬೇತಿಯಲ್ಲಿ ಹೇಳ್ತಾರೆ. ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ನನಗೆ ಹಾಡೋಕೆ ಬರಲ್ಲ. ಸಿಲಬಸ್ ಬೇರೆ ಮುಗಿಸಬೇಕು. ಎಲ್ಲಿಂದ ಶುರು ಮಾಡಲಿ?" ಅಪ್ಪ ಅಮ್ಮಂದಿರು ಕೇಳುವುದು ಇದರ ಉಲ್ಟಾ: "ಶಾಲೆಯಲ್ಲಿ ಬರೀ ಕುಣಿಸ್ತಾರೆ, ಪಾಠ ಯಾವಾಗ ಮಾಡ್ತಾರೆ?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಕಲಾ ಸಂಯೋಜಿತ ಕಲಿಕೆ ಎನ್ನುತ್ತದೆ. ಗಣಿತ, ಕನ್ನಡ, ಪರಿಸರ ಅಧ್ಯಯನದಂಥ ಪಾಠವನ್ನೇ ಚಿತ್ರ, ಹಾಡು, ಕುಣಿತ, ನಾಟಕ, ಗೊಂಬೆಯ ಮೂಲಕ ಕಲಿಸುವುದು ಎಂದರ್ಥ. ಡ್ರಾಯಿಂಗ್ ಪೀರಿಯಡ್ ಬೇರೆ, ಇದು ಬೇರೆ. ನಮಗೆ ಇದು ಹೊಸದೇನೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ (ಚಿಕ್ಕ ತರಗತಿಯ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಹಾಡು, ಆಟ, ಚಿತ್ರ ಎಲ್ಲ ಇದ್ದವು. ತೊಂದರೆ ಏನೆಂದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೆಲ್ಲ ನಿಂತುಹೋಗುತ್ತದೆ. ಭಿನ್ನರಾಶಿ, ನಕ್ಷೆ, ಒತ್ತಕ್ಷರದ ಉಕ್ತಲೇಖನ ಕಷ್ಟವಾಗುವುದೂ ಆ ಹೊತ್ತಿಗೇ.

ಒಂದು ಪರೀಕ್ಷೆ ನೆನಪಿಟ್ಟುಕೊಳ್ಳಿ. ಚಟುವಟಿಕೆಯಿಂದ ಕಲೆಯನ್ನು ತೆಗೆದುಬಿಟ್ಟರೆ ಪಾಠದಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ? ಹೂವಿನ ಚಿತ್ರ ಬರೆದು ಎಸಳಿನೊಳಗೆ ನಾಲ್ಕರ ಮಗ್ಗಿ ಬರೆಸಿದರೆ, ಹೂವು ತೆಗೆದರೂ ಮಗ್ಗಿ ಹಾಗೇ ಇರುತ್ತದೆ. ಅದು ಅಲಂಕಾರ, ಅಷ್ಟೇ. ಚುಕ್ಕಿ ಇಡುತ್ತ ಇಡುತ್ತ ನಾಲ್ಕರ ಮಗ್ಗಿ ತಾನಾಗಿ ಎದ್ದು ಬಂದರೆ ಅಲ್ಲಿ ಕಲೆ ಪಾಠದ ಕೆಲಸ ಮಾಡಿದೆ. ಇದು ಹೇಗೆಂದು ಮುಂದೆ ತೋರಿಸುತ್ತೇನೆ.

ಏನೇನು ಬೇಕು?

ದುಡ್ಡು ಕೊಟ್ಟು ತರುವುದು ಜಾಸ್ತಿ ಇಲ್ಲ. ಸೀಮೆಸುಣ್ಣ, ರಂಗೋಲಿ ಪುಡಿ, ಹಳೇ ಪೇಪರ್, ದಾರ, ಕತ್ತರಿ, ಮೈದಾ ಅಂಟು. ಗಟ್ಟಿ ರಟ್ಟು ಬೇಕಾದರೆ ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆ ತರಲು ಹೇಳಿ, ಮದುವೆ ಸೀಸನ್ ಮುಗಿದ ಮೇಲೆ ರಾಶಿ ಸಿಗುತ್ತವೆ. ಟೈಲರ್ ಅಂಗಡಿಯ ತುಂಡು ಬಟ್ಟೆ, ಮಂಡಕ್ಕಿ ಅಂಗಡಿಯ ಖಾಲಿ ಚೀಲ (ನೆಲಕ್ಕೆ ಹಾಸಲು, ಪರದೆ ಕಟ್ಟಲು), ಹೊಲದಿಂದ ಒಣಗಿದ ಜೋಳದ ದಂಟು. ಬಣ್ಣಕ್ಕೆ ಅರಿಶಿನ, ಇದ್ದಿಲು, ಕೆಂಪು ಮಣ್ಣು, ಎರೆಮಣ್ಣು. ಹೋಳಿ ಬಣ್ಣ ಬೇಡ. ಅದರಲ್ಲಿ ಏನು ಬೆರೆಸಿರುತ್ತಾರೋ ಗೊತ್ತಿರುವುದಿಲ್ಲ, ಮಕ್ಕಳ ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ. ಥರ್ಮಾಕೋಲ್, ಮಿಂಚಿನ ಪುಡಿಯೂ ಬೇಡ.

1. ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ನೋಡಿ

"ಈ ವಾರ ಒಂದು ನಾಟಕ ಮಾಡಿಸೋಣ" ಎಂದು ಕಲೆಯಿಂದ ಶುರು ಮಾಡಬೇಡಿ. ಕಲಿಕಾ ಫಲದಿಂದ ಶುರು ಮಾಡಿ. ಕಲಿಕಾ ಫಲ ಎಂದರೆ ಪಾಠ ಮುಗಿದಾಗ ಮಗುವಿಗೆ ಏನು ಮಾಡಲು ಬರಬೇಕೋ ಅದು. "ಭಿನ್ನರಾಶಿ" ಎಂದು ಬರೆದರೆ ಅದು ಪಾಠದ ಹೆಸರಾಯಿತು. "ಅರ್ಧಕ್ಕಿಂತ ಕಾಲು ಯಾಕೆ ಚಿಕ್ಕದು ಎಂದು ತೋರಿಸುತ್ತದೆ" ಎಂದರೆ ಅದು ಫಲ. ಹೋದ ಪರೀಕ್ಷೆಯ ಉತ್ತರ ಪತ್ರಿಕೆ ತೆಗೆದು, ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ತಪ್ಪು ಮಾಡಿದ ಒಂದು ಜಾಗ ಆರಿಸಿ. ಒಂದೇ ಸಾಕು.

ಎಲ್ಲ ಪಾಠಕ್ಕೂ ಕಲೆ ಬೆರೆಸುವ ಹಟ ಬೇಡ. ಸುಮ್ನೆ ಬೋರ್ಡ್ ಮೇಲೆ ಬರೆದರೆ ಹತ್ತು ನಿಮಿಷದಲ್ಲಿ ಅರ್ಥವಾಗುವುದನ್ನು ಬೋರ್ಡ್ ಮೇಲೇ ಬರೆಯಿರಿ.

2. ಪಾಠಕ್ಕೆ ಹೊಂದುವ ಕಲೆ ಆರಿಸಿ

ಮೋಟಾಗಿ ಹೇಳುವುದಾದರೆ, ಮಗ್ಗಿ, ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಹೊತ್ತು), ಎಣಿಕೆಯಂಥ ಮತ್ತೆ ಮತ್ತೆ ಬರುವ ಸಂಗತಿಗೆ ತಾಳ ಮತ್ತು ಕೋಲಾಟ. ಆಕಾರ, ಸಮಮಿತಿಗೆ (ಮಡಚಿದರೆ ಎರಡೂ ಬದಿ ಒಂದರ ಮೇಲೊಂದು ಸರಿಯಾಗಿ ಕೂರುವ ಗುಣ) ರಂಗೋಲಿ, ಕೌದಿ, ಲಂಬಾಣಿ ಕಸೂತಿ. "ಯಾಕೆ ಹೀಗಾಯಿತು" ಎನ್ನುವ ಪ್ರಶ್ನೆ ಇದ್ದರೆ ನಾಟಕ. ಬೆಳಕಿಗೆ ನೆರಳುಗೊಂಬೆ. ಬೆಟ್ಟ, ಕೆರೆ, ಕಣಿವೆಗೆ ಮಣ್ಣು.

ಮಣ್ಣಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆಯ ಎರೆಮಣ್ಣಿನಲ್ಲಿ ಮಾಡಿದ್ದು ಒಣಗುವಾಗ ಬಿರಿದುಹೋಗುತ್ತದೆ. ಕೆರೆಯ ಗೋಡು (ಹೂಳಿನ ಮಣ್ಣು) ತಂದು ಸ್ವಲ್ಪ ಮರಳು ಕಲಸಿ. ಅಥವಾ ಬೇಕೆಂದೇ ಎರೆಮಣ್ಣಿನದೊಂದು, ಕೆಂಪು ಮಣ್ಣಿನದೊಂದು ಮಾಡಿಸಿ ಬಿಸಿಲಿಗಿಡಿ. ಯಾವುದು ಬಿರಿಯಿತು, ಬೇಸಿಗೆಯಲ್ಲಿ ಹೊಲ ಯಾಕೆ ಬಾಯಿ ಬಿಡುತ್ತದೆ ಎಂದು ಕೇಳಿದರೆ ಮಣ್ಣಿನ ಪಾಠ ಅಲ್ಲಿಗೇ ಬಂತು.

3. ಮೊದಲು ನೀವು ಮಾಡಿ ನೋಡಿ

ಮನೆಯಲ್ಲಿ ಒಂದು ಸಲ ಸಾಕು. ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ, ಮಕ್ಕಳಿಗೆ ಅದರ ಮೂರು ಪಟ್ಟು ಲೆಕ್ಕ ಇಟ್ಟುಕೊಳ್ಳಿ. ನೀವು ಮಾಡಿದ್ದನ್ನು ತರಗತಿಗೆ ತರಬೇಡಿ, ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ.

4. ತರಗತಿಯಲ್ಲಿ ಮಾಡಿಸಿ

40 ನಿಮಿಷದ ಪೀರಿಯಡ್‌ನಲ್ಲಿ 5 ನಿಮಿಷ ಪ್ರಶ್ನೆ ಇಡಲು, 20 ನಿಮಿಷ ಮಾಡಲು, 15 ನಿಮಿಷ ಮಾತಾಡಲು. ಕೊನೆಯ 15 ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಮಾದರಿಗೆ ಕೆಲವು ಪಾಠಗಳು ಇಲ್ಲಿವೆ.

ರಂಗೋಲಿ ಮತ್ತು ಮಗ್ಗಿ (4, 5ನೇ ತರಗತಿ). ಅಂಗಳದಲ್ಲಿ ನೇರ ಚುಕ್ಕಿ ಇಡಿಸಿ. ಮೊದಲು ಒಂದೇ ಚುಕ್ಕಿ. ಆಮೇಲೆ ನಡುವಿನ ಸಾಲಿನಲ್ಲಿ 3, ಮೇಲೆ ಕೆಳಗೆ ಒಂದೊಂದು: ಒಟ್ಟು 5. ಆಮೇಲೆ ನಡುವೆ 5, ಆಚೀಚೆ 3, 1: ಒಟ್ಟು 13. ನಡುವೆ 7 ಇಟ್ಟರೆ 25, 9 ಇಟ್ಟರೆ 41. ಈಗ ಕೇಳಿ, ಪ್ರತಿ ಸಲ ಎಷ್ಟು ಹೊಸ ಚುಕ್ಕಿ ಸೇರಿತು? 4, 8, 12, 16. ನಾಲ್ಕರ ಮಗ್ಗಿ! ಇನ್ನು ಸಂದು ಚುಕ್ಕಿಗೆ ಬನ್ನಿ, ಅಂದರೆ ಎರಡು ಚುಕ್ಕಿಯ ನಡುವಿನ ಸಂದಿಗೆ ಸರಿಯಾಗಿ ಮೇಲಿನ ಸಾಲಿನ ಚುಕ್ಕಿ ಇಡುವುದು. 3ರಿಂದ 2ರವರೆಗೆ (ನಡುವೆ 3, ಮೇಲೆ ಕೆಳಗೆ 2) ಇಟ್ಟರೆ 7, 5ರಿಂದ 3ರವರೆಗೆ 19, 7ರಿಂದ 4ರವರೆಗೆ 37. ಒಂದೇ ಚುಕ್ಕಿಯಿಂದ ಶುರು ಮಾಡಿದರೆ ಸೇರಿದ ಚುಕ್ಕಿ 6, 12, 18. ಇಲ್ಲಿ ಆರರ ಮಗ್ಗಿ ಯಾಕೆ ಬಂತು, ಅಲ್ಲಿ ನಾಲ್ಕರದು ಯಾಕೆ ಬಂತು? ಹೊರಗಿನ ಚುಕ್ಕಿಗಳನ್ನು ಗೆರೆಯಿಂದ ಸೇರಿಸಲು ಹೇಳಿ. ಒಂದಕ್ಕೆ ನಾಲ್ಕು ಮೂಲೆ, ಇನ್ನೊಂದಕ್ಕೆ ಆರು ಮೂಲೆ ಬರುತ್ತದೆ. ಉತ್ತರ ನೀವು ಹೇಳಬೇಡಿ, ಮಕ್ಕಳ ಬಾಯಿಂದ ಬರಲಿ. ಒಂದು ಪೀರಿಯಡ್‌ಗೆ ಒಂದು ಬಗೆಯ ಚುಕ್ಕಿ ಸಾಕು.

ಇಲ್ಲಿ ಜಾರುವ ಜಾಗ ಎರಡು. ರಂಗೋಲಿ ಹೆಣ್ಣುಮಕ್ಕಳ ಕೆಲಸ ಎಂದು ಗಂಡುಮಕ್ಕಳು ದೂರ ನಿಲ್ಲುತ್ತಾರೆ. ಮೊದಲೇ ಮಿಶ್ರ ಗುಂಪು ಮಾಡಿ, ಪುಡಿಯನ್ನು ಹುಡುಗರ ಕೈಗೂ ಕೊಡಿ. ಇನ್ನೊಂದು, ಚೆಂದದ ರಂಗೋಲಿ ಹಾಕುವ ಒಬ್ಬಳೇ ಎಲ್ಲ ಮುಗಿಸಿಬಿಡುತ್ತಾಳೆ. ಒಬ್ಬರಿಗೆ ಒಂದು ಸಾಲು ಎಂದು ಹಂಚಿಬಿಡಿ.

ಚಪ್ಪಾಳೆಯಲ್ಲಿ ಲ.ಸಾ.ಅ. (5, 6ನೇ ತರಗತಿ). ಲಘುತಮ ಸಾಮಾನ್ಯ ಅಪವರ್ತ್ಯ ಎನ್ನುವ ಹೆಸರು ಕೇಳಿಯೇ ಮಕ್ಕಳು ಹೆದರುತ್ತಾರೆ. ಎರಡು ಸಂಖ್ಯೆಯ ಮಗ್ಗಿ ಮೊದಲ ಸಲ ಭೇಟಿಯಾಗುವ ಜಾಗ, ಅಷ್ಟೇ. ಎಲ್ಲರೂ ಒಟ್ಟಿಗೆ 1ರಿಂದ ಎಣಿಸಲಿ. ಒಂದು ಗುಂಪು ಪ್ರತಿ ಮೂರಕ್ಕೆ ಚಪ್ಪಾಳೆ ತಟ್ಟಲಿ, ಇನ್ನೊಂದು ಪ್ರತಿ ನಾಲ್ಕಕ್ಕೆ ನೆಲಕ್ಕೆ ಕಾಲು ಬಡಿಯಲಿ. 12ಕ್ಕೆ ಎರಡೂ ಒಟ್ಟಿಗೆ ಕೇಳುತ್ತದೆ. ಈಗ ಎಲ್ಲರೂ "ಮೂರು ನಾಲ್ಕಲಿ ಹನ್ನೆರಡು, ಗುಣಿಸಿದರೆ ಮುಗೀತು" ಎನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿದರೆ ತಪ್ಪು ಕಲಿಸಿದ ಹಾಗೆ. ಕೂಡಲೇ 4 ಮತ್ತು 6 ಕೊಡಿ. ಗುಣಿಸಿದರೆ 24, ಆದರೆ ಸದ್ದು 12ಕ್ಕೇ ಕೂಡುತ್ತದೆ. ಯಾಕೆ ಎನ್ನುವ ಜಗಳ ಎದ್ದರೆ ಪಾಠ ಸರಿ ದಾರಿಯಲ್ಲಿದೆ ಎಂದುಕೊಳ್ಳಿ. ಊರಲ್ಲಿ ಕೋಲಾಟದ ತಂಡ ಇದ್ದರೆ ಇದನ್ನೇ ಕೋಲಿನಲ್ಲಿ ಮಾಡಿಸಬಹುದು. ಮಕ್ಕಳ ನಡುವೆ ಒಂದು ಮಾರು ಜಾಗ ಬಿಡಿ, ಇಲ್ಲವಾದರೆ ಬೆರಳಿಗೆ ಪೆಟ್ಟು ಗ್ಯಾರಂಟಿ.

ದೀರ್ಘ ಮತ್ತು ಒತ್ತು (2ರಿಂದ 4ನೇ ತರಗತಿ). ಬಲ ಎಂದು ಬರೆಯಬೇಕಾದಲ್ಲಿ ಬಾಲ, ಕತ್ತೆ ಎಂದು ಬರೆಯಬೇಕಾದಲ್ಲಿ ಕತೆ. ಈ ತಪ್ಪು ಕೈಯದಲ್ಲ, ಕಿವಿಯದು. ಅಕ್ಷರ ಬರೆಸುವ ಮೊದಲು ಮೈಗೆ ಕಲಿಸಿ. ಹ್ರಸ್ವಕ್ಕೆ ಒಂದು ಚಿಟಿಕೆ. ದೀರ್ಘಕ್ಕೆ ಎರಡೂ ಕೈ ಅಗಲಕ್ಕೆ ಎಳೆಯುವುದು. ಒತ್ತಕ್ಷರ ಬಂದಾಗ ಕಾಲಿಂದ ನೆಲ ಒತ್ತುವುದು. ಬಳೆ, ಬಾಳೆ. ಕಡು, ಕಾಡು. ಹಳಿ, ಹಳ್ಳಿ. ಎಲೆ, ಎಲ್ಲೆ. ನೀವು ಹೇಳಿ, ಅವರು ಮಾಡಲಿ. ಆಮೇಲೆ ಒಬ್ಬರು ಮಾತಾಡದೆ ಮೈಯಲ್ಲಿ ತೋರಿಸಲಿ, ಉಳಿದವರು ಯಾವ ಪದ ಎಂದು ಹೇಳಲಿ. ಕೊನೆಗೆ ಸ್ಲೇಟು. ಲಂಬಾಣಿ ತಾಂಡಾದಿಂದ ಬರುವ, ಮನೆಯಲ್ಲಿ ಉರ್ದು ಮಾತಾಡುವ, ಮೊಳಕಾಲ್ಮುರು ಕಡೆ ತೆಲುಗು ಮಾತಾಡುವ ಮಕ್ಕಳಿಗೆ ಇದು ಬಹಳ ಅನುಕೂಲ. ಪದದ ಅರ್ಥ ಗೊತ್ತಿಲ್ಲದಿದ್ದರೂ ಸದ್ದಿನ ವ್ಯತ್ಯಾಸ ಸಿಗುತ್ತದೆ. ಅವರ ಮನೆಯ ಒಂದು ಶಿಶುಪ್ರಾಸವನ್ನೂ ಹೇಳಿಸಿ, ಅದಕ್ಕೂ ಇದೇ ಆಟ ಆಡಿ.

ಜೋಳದ ಬೆಂಡಿನ ಆಕಾರಗಳು (5ನೇ ತರಗತಿ). ದಂಟಿನ ಸಿಪ್ಪೆ ಕಡ್ಡಿಯಾಯಿತು, ಒಳಗಿನ ಬೆಂಡು ಮೂಲೆಯಾಯಿತು. ಮಕ್ಕಳು ಗಾಡಿ ಮಾಡಿ ಆಡುವ ಸಾಮಾನೇ ಇದು. ಘನ ಕಟ್ಟಲು 12 ಕಡ್ಡಿ, 8 ಬೆಂಡಿನ ತುಂಡು. ಮೊದಲೇ ಎಷ್ಟು ಬೇಕೆಂದು ಊಹಿಸಿ ಕೇಳಿ ಪಡೆಯಲಿ, ಆಗಲೇ ಅಂಚು, ಶೃಂಗ (ಮೂಲೆ) ಎನ್ನುವ ಪದಗಳಿಗೆ ಅರ್ಥ ಬರುವುದು. ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ, ಸಿಬಿರು ಬೇರೆ ಚುಚ್ಚುತ್ತದೆ. ಸೀಳುವ ಕೆಲಸ ದೊಡ್ಡವರೇ ಮಾಡಿಡಿ.

ನೆರಳುಗೊಂಬೆ ಮತ್ತು ಬೆಳಕು (5ನೇ ತರಗತಿಯಿಂದ ಮೇಲೆ). ಕೋಣೆಯ ಕಿಟಕಿಗೆ ಚೀಲ ಕಟ್ಟಿ, ಬಾಗಿಲಿಗೆ ಬಿಳಿ ಪಂಚೆ ಕಟ್ಟಿ. ಮೊಬೈಲ್ ಟಾರ್ಚನ್ನು ಪಂಚೆಯಿಂದ 2 ಮೀಟರ್ ಹಿಂದೆ ಅಲುಗಾಡದಂತೆ ಇಡಿ. ಲಗ್ನಪತ್ರಿಕೆಯಿಂದ 10 ಸೆಂಟಿಮೀಟರ್ ಎತ್ತರದ ಗೊಂಬೆ ಕತ್ತರಿಸಿ ಕಡ್ಡಿಗೆ ಅಂಟಿಸಿ. ಗೊಂಬೆ ನಡುಮಧ್ಯ, ಅಂದರೆ ಟಾರ್ಚಿನಿಂದ 1 ಮೀಟರಿನಲ್ಲಿದ್ದರೆ ನೆರಳು ಸುಮಾರು 20 ಸೆಂಟಿಮೀಟರ್. ಅರ್ಧ ಮೀಟರಿಗೆ ತಂದರೆ ಸುಮಾರು 40. ಅಳತೆ ಪಟ್ಟಿ ಹಿಡಿದು ಮಕ್ಕಳೇ ಅಳೆದು ಬರೆಯಲಿ. "ದೀಪಕ್ಕೆ ಹತ್ತಿರ ಹೋದಷ್ಟೂ ನೆರಳು ದೊಡ್ಡದು" ಎಂದು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಮುಂದಿನ ಪ್ರಶ್ನೆ. ಊರಿನ ಹಿರಿಯರು ತೊಗಲುಗೊಂಬೆಯಾಟ ನೋಡಿದ್ದರೆ ಪರದೆಯ ಮೇಲೆ ಬಣ್ಣ ಕಾಣುತ್ತಿತ್ತು ಎನ್ನುತ್ತಾರೆ. ನಮ್ಮ ಗೊಂಬೆಯ ನೆರಳು ಮಾತ್ರ ಕಪ್ಪು. ಯಾಕೆ? ಹದ ಮಾಡಿದ ತೊಗಲು ತೆಳ್ಳಗಿದ್ದು ಬೆಳಕನ್ನು ಅಷ್ಟಿಷ್ಟು ಬಿಡುತ್ತದೆ. ಇಂಥದ್ದಕ್ಕೆ ಅರೆಪಾರದರ್ಶಕ ಎನ್ನುತ್ತಾರೆ. ಬಣ್ಣ ಹಚ್ಚಿದ ತೆಳು ಹಾಳೆಗೆ ಎರಡು ಹನಿ ಎಣ್ಣೆ ಸವರಿ ಗೊಂಬೆ ಮಾಡಿಸಿ, ನೆರಳಿಗೆ ಬಣ್ಣ ಬರುತ್ತದೆ. ಕತೆ ಕಟ್ಟುವ ಕೆಲಸ ಇದಾದ ಮೇಲೆ. ಮೊದಲೇ ಕತೆಗೆ ಇಳಿದರೆ ಅಳತೆ ಮರೆತುಹೋಗುತ್ತದೆ. ಟಾರ್ಚನ್ನು ಒಬ್ಬರ ಕಣ್ಣಿಗೆ ಒಬ್ಬರು ಬಿಡದ ಹಾಗೆ ನೋಡಿಕೊಳ್ಳಿ.

ಕೋಟೆಯ ನೀರು (4, 5ನೇ ತರಗತಿ ಪರಿಸರ ಅಧ್ಯಯನ). ಚಿತ್ರದುರ್ಗದ ಕೋಟೆ ಎಂದ ಕೂಡಲೇ ಎಲ್ಲ ಶಾಲೆಯಲ್ಲೂ ಒಬ್ಬಳಿಗೆ ಒನಕೆ ಕೊಟ್ಟು ಓಬವ್ವನನ್ನು ಮಾಡಿಸುತ್ತಾರೆ. ಓಬವ್ವ ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬಳು ಒನಕೆ ಬೀಸುತ್ತಾಳೆ, ಹತ್ತು ಜನ ಸೈನಿಕರಾಗಿ ಬೀಳುತ್ತಾರೆ, ಮೂವತ್ತು ಜನ ಸುಮ್ನೆ ಕೂತು ನೋಡುತ್ತಾರೆ. ರಾಜ್ಯೋತ್ಸವಕ್ಕೆ ಅದು ಸರಿ, ಪಾಠಕ್ಕೆ ಸಾಲದು.

ನನ್ನ ಸಲಹೆ ಬೇರೆ. ಕಲ್ಲುಬಂಡೆಯ ಬೆಟ್ಟದ ಮೇಲೆ ಅಷ್ಟು ಜನ ಇದ್ದರಲ್ಲ, ಕುಡಿಯಲು ನೀರು ಎಲ್ಲಿಂದ ಬಂತು? ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ: ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಮಳೆನೀರನ್ನು ಹಿಡಿದಿಟ್ಟ ಏರ್ಪಾಡು. ಶಾಲೆಯ ಮೆಟ್ಟಿಲ ಮೇಲೆ ಮಕ್ಕಳನ್ನು ಹೊಂಡಗಳಾಗಿ ನಿಲ್ಲಿಸಿ, ಕೈಗೆ ಪಾತ್ರೆ ಕೊಡಿ, ಮೇಲಿನಿಂದ ನೀರು ಹೊಯ್ಯಿರಿ. ತುಂಬಿದವರು ಕೆಳಗಿನವರಿಗೆ ದಾಟಿಸಲಿ. ಒಂದು ಹೊಂಡ ಹೂಳು ತುಂಬಿದೆ ಎಂದು ಅರ್ಧ ಪಾತ್ರೆ ಮಣ್ಣು ಹಾಕಿ ಮತ್ತೆ ಆಡಿಸಿ. ಏನಾಯಿತು?

ಆಮೇಲೆ ಪಾತ್ರದ ಕುರ್ಚಿ. ಒಂದು ಮಗು ಕುರ್ಚಿಯಲ್ಲಿ ಕೂತು ಕಾವಲುಗಾರ, ನೀರು ಹೊರುವವಳು, ಹೊಂಡದ ಹೂಳೆತ್ತುವವ, ಹೀಗೆ ಒಂದು ಪಾತ್ರವಾಗುತ್ತದೆ. ಉಳಿದವರು ಪ್ರಶ್ನೆ ಕೇಳುತ್ತಾರೆ. "ಮಳೆ ಬಾರದ ವರ್ಷ ಏನು ಮಾಡಿದ್ರಿ?" "ಮುತ್ತಿಗೆ ಹಾಕಿದಾಗ ಕೆಳಗಿನ ಹೊಂಡದಿಂದ ನೀರು ತರೋಕೆ ಆಗ್ತಿತ್ತಾ?" ಮಾತು ಬಾಯಿಪಾಠ ಬೇಡ, ಸಂಭಾಷಣೆ ಬರೆದು ಕೊಡಲೂ ಬೇಡಿ. 1779ರಲ್ಲಿ ಹೈದರ್ ಅಲಿ ಮದಕರಿ ನಾಯಕನಿಂದ ಕೋಟೆ ಗೆದ್ದದ್ದು ಇತಿಹಾಸದಲ್ಲಿ ದಾಖಲಾದ ಸಂಗತಿ. ಕಾವಲುಗಾರನ ಉತ್ತರ ನಮ್ಮ ಊಹೆ. ಎರಡನ್ನೂ ಬೋರ್ಡಿನ ಮೇಲೆ ಬೇರೆ ಬೇರೆ ಕಡೆ ಬರೆದು, "ಇದು ನಮಗೆ ಹೇಗೆ ಗೊತ್ತು?" ಎಂದು ಕೇಳುವುದನ್ನು ಅಭ್ಯಾಸ ಮಾಡಿಸಿ.

ಪಾತ್ರ ಹಂಚುವಾಗ ಹುಷಾರು. ಬಣ್ಣ, ಮೈಕಟ್ಟು, ಜಾತಿ ನೋಡಿ ರಾಜ, ಸೇವಕ ಎಂದು ಹಂಚಬೇಡಿ. ಆ ಹೆಸರು ವರ್ಷಗಟ್ಟಲೆ ಮಗುವಿಗೆ ಅಂಟಿಕೊಳ್ಳುತ್ತದೆ. ಚೀಟಿ ಎತ್ತಿಸಿ.

ನಡೆದಾಡುವ ನಕ್ಷೆ (4ನೇ ತರಗತಿ). ಮೈದಾನದಲ್ಲಿ ಉತ್ತರ ದಿಕ್ಕು ಗುರುತಿಸಿ, ಸೀಮೆಸುಣ್ಣದಲ್ಲಿ ಹೆದ್ದಾರಿ ಎಳೆಯಿರಿ. ಹರಿಹರ, ದಾವಣಗೆರೆ, ಭರಮಸಾಗರ, ಚಿತ್ರದುರ್ಗ, ಹಿರಿಯೂರು: ಒಂದೊಂದು ಊರಿಗೆ ಒಬ್ಬರು. ಹರಿಹರದ ಪಕ್ಕ ನೀಲಿ ಸೀರೆ ಹಾಸಿದರೆ ತುಂಗಭದ್ರೆ. ಹಿರಿಯೂರಿನ ಹತ್ತಿರ ಇನ್ನೊಂದು ಹಾಸಿ ವೇದಾವತಿ ಎನ್ನಿ, ಅದಕ್ಕೆ ಅಡ್ಡಲಾಗಿ ಇಟ್ಟಿಗೆ ಇಟ್ಟರೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ. ಪ್ರತಿ ಊರೂ ತನ್ನ ಬಗ್ಗೆ ಎರಡು ಸಾಲು ಹಾಡು ಕಟ್ಟಿ ಹೇಳಲಿ. ದಾವಣಗೆರೆಯಾದ ಮಗು ಬೆಣ್ಣೆದೋಸೆ ಬಿಟ್ಟು ಬೇರೇನೂ ಹೇಳುವುದಿಲ್ಲ, ಹತ್ತಿ ಗಿರಣಿ, ಮೆಕ್ಕೆಜೋಳದ ಕಡೆಗೂ ಸ್ವಲ್ಪ ನೂಕಿ. ಆಮೇಲೆ ಎಲ್ಲರೂ ಕೂತು ಇದೇ ನಕ್ಷೆಯನ್ನು ಪುಸ್ತಕದಲ್ಲಿ ಬರೆಯಲಿ. ಈ ಕೊನೆಯ ಕೆಲಸ ಬಿಟ್ಟರೆ ಉಳಿದದ್ದು ಬರೀ ಓಡಾಟ.

ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿಗೆ ಪ್ರವಾಸ ಹೋದಾಗ ಶಾಸನದ ಮೇಲೆ ಹಾಳೆ ಇಟ್ಟು ಇದ್ದಿಲು ಉಜ್ಜಿಸಬೇಡಿ. ಗೋಡೆಗೆ ಸೀಮೆಸುಣ್ಣವೂ ಬೇಡ. ಅವು ಸಂರಕ್ಷಿತ ಸ್ಮಾರಕಗಳು. ಉಜ್ಜುಚಿತ್ರ ಬೇಕಿದ್ದರೆ ನಾಣ್ಯ, ಎಲೆ ಸಾಕು. ಶಾಸನವನ್ನು ನೋಡಿ ಬರೆದುಕೊಳ್ಳಲಿ.

5. ಮಾಡಿದ ಮೇಲೆ ಮಾತಾಡಿಸಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಗಂಟೆ ಹೊಡೆಯಿತು, ಮಕ್ಕಳು ಖುಷಿಯಾಗಿದ್ದಾರೆ, ಮುಗಿಯಿತು ಎನಿಸುತ್ತದೆ. ಆದರೆ ಖುಷಿ ಮತ್ತು ಕಲಿಕೆ ಒಂದೇ ಅಲ್ಲ. ಮೂರು ಪ್ರಶ್ನೆ ಕೇಳಿ: ಏನು ನೋಡಿದಿರಿ? ಯಾಕೆ ಹಾಗಾಯಿತು? ಪುಸ್ತಕದ ಯಾವ ಲೆಕ್ಕಕ್ಕೆ, ಯಾವ ಸಾಲಿಗೆ ಇದು ಸೇರುತ್ತದೆ? ಮೂರನೆಯದು ಕೇಳದಿದ್ದರೆ ಮಕ್ಕಳಿಗೆ ರಂಗೋಲಿ ಒಂದು ಕಡೆ, ಮಗ್ಗಿ ಇನ್ನೊಂದು ಕಡೆ ಉಳಿಯುತ್ತದೆ. ಅಪ್ಪ ಅಮ್ಮಂದಿರ ದೂರಿಗೂ ಉತ್ತರ ಇಲ್ಲೇ ಇದೆ. ಮಗು ಮನೆಗೆ ಹೋಗಿ "ಇವತ್ತು ಕುಣಿದ್ವಿ" ಎನ್ನದೆ "4 ಮತ್ತು 6 ಯಾಕೆ ಹನ್ನೆರಡಕ್ಕೇ ಸೇರುತ್ತೆ ಗೊತ್ತಾ?" ಎಂದರೆ ಯಾರೂ ದೂರು ಹೇಳುವುದಿಲ್ಲ.

6. ಅಂಕ ಕೊಡುವಾಗ

ಚೆಂದಕ್ಕೆ ಅಂಕ ಕೊಡಬೇಡಿ. ವಕ್ರವಾಗಿ ಚುಕ್ಕಿ ಇಟ್ಟ ಮಗು "ಪ್ರತಿ ಸಲ ನಾಲ್ಕು ಜಾಸ್ತಿ ಸೇರುತ್ತೆ" ಎಂದರೆ ಅದಕ್ಕೇ ಪೂರ್ತಿ ಅಂಕ. ರೂಪಣಾತ್ಮಕ ಮೌಲ್ಯಮಾಪನಕ್ಕೆ (ಪಾಠದ ನಡುವೆಯೇ ಮಗು ಎಲ್ಲಿದೆ ಎಂದು ನೋಡುವ ಪರೀಕ್ಷೆ) ಈ ಚಟುವಟಿಕೆಗಳನ್ನು ಧಾರಾಳವಾಗಿ ಬಳಸಬಹುದು. ಮಗುವಿನ ಹೆಸರಿನ ಮುಂದೆ ಅದು ಹೇಳಿದ ಒಂದು ಮಾತು ಬರೆದಿಡಿ. ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಕೇಳಿದಾಗ ಫೋಟೋಗಿಂತ ಆ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನೆಯಿಂದ ಪ್ರಾಜೆಕ್ಟ್ ಮಾಡಿ ತರಲು ಹೇಳಿದರೆ ಅಂಕ ಹೋಗುವುದು ಅಪ್ಪ ಅಮ್ಮಂದಿರಿಗೆ, ಇಲ್ಲವೇ ಜೆರಾಕ್ಸ್ ಅಂಗಡಿಯವರಿಗೆ.

ಇದನ್ನು ಪ್ರತಿಭಾ ಕಾರಂಜಿಯ (ಶಾಲಾ ಮಕ್ಕಳ ಕಲಾ ಸ್ಪರ್ಧೆ) ತಯಾರಿಗೆ ಬೆರೆಸಲೂ ಹೋಗಬೇಡಿ. ಅಲ್ಲಿ ಚೆನ್ನಾಗಿ ಮಾಡುವ ನಾಲ್ಕು ಜನ ಬೇಕು. ಇಲ್ಲಿ ಹಿಂದಿನ ಬೆಂಚಿನವರೂ ಬೇಕು.

7. ಸಹಾಯ ಕೇಳಿ

ನಿಮಗೆ ಹಾಡಲು, ಚಿತ್ರ ಬರೆಯಲು ಬಾರದಿದ್ದರೆ ಊರಲ್ಲಿ ಬರುವವರು ಇದ್ದಾರೆ. ಸೋಬಾನೆ ಪದ ಹೇಳುವ ಅಜ್ಜಿ, ಭಜನೆ ಮಂಡಳಿಯ ತಬಲಾದವರು, ಕೌದಿ ಹೊಲಿಯುವವರು. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆಯೂ ಶಿವಸಂಚಾರ ನಾಟಕ ತಂಡವೂ ಇವೆ. ಅಲ್ಲಿ ಕಲಿತವರು ನಮ್ಮ ಜಿಲ್ಲೆಗಳಲ್ಲಿ ಅನೇಕ ಕಡೆ ಸಿಗುತ್ತಾರೆ. ಕರೆಯುವ ಮೊದಲು ಮುಖ್ಯ ಶಿಕ್ಷಕರಿಗೆ, ಎಸ್.ಡಿ.ಎಂ.ಸಿ.ಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಿಳಿಸಿ. ಬಂದವರಿಗೆ ನಿಮ್ಮ ಕಲಿಕಾ ಫಲ ಏನೆಂದು ಮೊದಲೇ ಹೇಳಿ, ಇಲ್ಲವಾದರೆ ಅವರು ಚೆಂದದ ಕಾರ್ಯಕ್ರಮ ಕೊಟ್ಟು ಹೋಗುತ್ತಾರೆ, ನಿಮ್ಮ ಪಾಠ ಅಲ್ಲೇ ಉಳಿಯುತ್ತದೆ. ಬಸ್ ಚಾರ್ಜ್, ಊಟ, ಸಾಧ್ಯವಾದರೆ ಒಂದಿಷ್ಟು ಗೌರವಧನ ಕೊಡಿ. ಕಲಾವಿದರು ಪುಕ್ಕಟೆ ಬರಲಿ ಎಂದು ನಿರೀಕ್ಷಿಸುವುದು ಸರಿಯಲ್ಲ.

ಮೊದಲ ಸಲಕ್ಕೆ ಚಪ್ಪಾಳೆಯ ಪಾಠ ಆರಿಸಿಕೊಳ್ಳಿ. ಸಾಮಾನು ಏನೂ ಬೇಡ, ಕೆಟ್ಟರೂ ಗುಡಿಸುವ ಕೆಲಸ ಇರುವುದಿಲ್ಲ. ಪಕ್ಕದ ತರಗತಿಯ ಮೇಡಂಗೆ ಮಾತ್ರ ಮೊದಲೇ ಒಂದು ಮಾತು ಹೇಳಿಡಿ, ಸದ್ದು ಜಾಸ್ತಿಯೇ ಆಗುತ್ತದೆ.